ಪಶ್ಮೀನಾ ಶಾಲು: ನೂಲುವ ಕೈಯ ಬೆಲೆ

ಕೇಳುಗರಿಗೆ ನಮಸ್ಕಾರ.

ಪೂರ್ವ ಲಡಾಖಿನಲ್ಲಿ, ಟಿಬೆಟ್ಟಿನ ಗಡಿಗೆ ತಾಗಿಕೊಂಡಂತೆ, ಚಾಂಗ್‌ಥಾಂಗ್ ಎಂಬ ಬೋಳು ಪ್ರಸ್ಥಭೂಮಿಯಿದೆ. ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದ ಆ ನೆಲದಲ್ಲಿ ಚಾಂಗ್‌ಪಾ ಅಲೆಮಾರಿಗಳು ಮೇಯಿಸುವ ಮೇಕೆಗಳು, ಕೊರೆಯುವ ಚಳಿಯನ್ನು ತಡೆಯಲು ಒರಟು ಕೂದಲಿನ ಅಡಿಯಲ್ಲಿ ನವಿರಾದ ಒಳತುಪ್ಪಳವನ್ನು ಬೆಳೆಸಿಕೊಳ್ಳುತ್ತವೆ. ಚಳಿ ಕಳೆದು ಅದು ತಾನಾಗಿಯೇ ಸಡಿಲವಾದಾಗ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಪಾರಸಿಯಲ್ಲಿ ಉಣ್ಣೆಗಿರುವ ‘ಪಶ್ಮ್’ ಎಂಬ ಹೆಸರೇ ಇದಕ್ಕೆ ನಿಂತಿದೆ; ಪಶ್ಮೀನಾ ಶಾಲು ಹುಟ್ಟುವುದು ಇದರಿಂದಲೇ. ಇದರ ಎಳೆಯ ದಪ್ಪ 12ರಿಂದ 15 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ಐದರಲ್ಲೊಂದು ಪಾಲು ಎನ್ನಬಹುದು.

ಈ ನವಿರೇ ಪಶ್ಮೀನಾದ ಹಿರಿಮೆ, ಅದರ ತೊಡಕೂ ಹೌದು. ಕಾಶ್ಮೀರದ ಮನೆಗಳಲ್ಲಿ ಹೆಂಗಸರು ತುಪ್ಪಳವನ್ನು ಅಕ್ಕಿಹಿಟ್ಟಿನಲ್ಲಿ ಹುದುಗಿಸಿಟ್ಟು ಜಿಡ್ಡು ತೆಗೆದು, ಹಿಟ್ಟನ್ನು ಕೊಡವಿ, ‘ಯಿಂದರ್’ ಎಂಬ ರಾಟೆಯ ಮುಂದೆ ಕೂರುತ್ತಾರೆ. ಬಲಗೈ ಚಕ್ರವನ್ನು ತಿರುಗಿಸುತ್ತಿದ್ದಂತೆ ಎಡಗೈ ಎಳೆಯನ್ನು ಮೇಲಕ್ಕೆತ್ತಿ, ಹುರಿ ಕೂಡಿದೊಡನೆ ಕದಿರಿಗೆ ಬಿಟ್ಟುಕೊಡುತ್ತದೆ. ಎಳೆತ ಕೂದಲೆಳೆಯಷ್ಟು ಹೆಚ್ಚಾದರೂ ನೂಲು ಹರಿಯುತ್ತದೆ. (ನಮ್ಮ ಕುರುಬರ ಕಂಬಳಿಗೆ ಹುಣಸೆಬೀಜದ ಗಂಜಿ ಬಿಗಿ ಕೊಡುವಂತೆ, ಅಲ್ಲಿ ಅಕ್ಕಿಹಿಟ್ಟು ಶುಚಿ ಕೊಡುತ್ತದೆ. ಉಣ್ಣೆಯ ಕೆಲಸ ಎಲ್ಲಿದ್ದರೂ ಅಡುಗೆಮನೆಯಿಂದ ದೂರವಿಲ್ಲ.)

ಯಂತ್ರಕ್ಕೆ ಈ ಹದ ತಿಳಿಯದು. ಆದ್ದರಿಂದ ಗಿರಣಿಗಳು ನೈಲಾನ್ ಬೆರೆಸಿ ನೂತು, ನೇಯ್ದ ಮೇಲೆ ಆ ನೈಲಾನನ್ನು ಆಮ್ಲದಲ್ಲಿ ಕರಗಿಸುವುದುಂಟು. ಅದರಿಂದ ಉಣ್ಣೆಯೂ ಸೊರಗುತ್ತದೆ. 2008ರಲ್ಲಿ ‘ಕಾಶ್ಮೀರ ಪಶ್ಮೀನಾ’ಕ್ಕೆ ಭೌಗೋಳಿಕ ಸೂಚಕ, ಅಂದರೆ ಆ ಹೆಸರನ್ನು ಆ ಪ್ರದೇಶದ ಸರಕಿಗಷ್ಟೇ ಮೀಸಲಿಡುವ ಕಾನೂನಿನ ಗುರುತು, ದೊರೆತಾಗ, ಎಳೆ 16 ಮೈಕ್ರಾನಿಗಿಂತ ದಪ್ಪವಿರಬಾರದು, ಕೈಯಿಂದಲೇ ನೂತು ಕೈಮಗ್ಗದಲ್ಲೇ ನೇಯ್ದಿರಬೇಕು ಎಂಬ ನಿಯಮವಾದದ್ದು ಈ ಕಾರಣಕ್ಕೆ. ಶ್ರೀನಗರದ ಪ್ರಯೋಗಾಲಯವೊಂದು ಶಾಲನ್ನು ಪರೀಕ್ಷಿಸಿ ಗುರುತಿನ ಚೀಟಿ ಅಂಟಿಸುತ್ತದೆ.

ಹಿಂದೆ ಈ ಶಾಲಿಗೆ ರಾಜಮನ್ನಣೆಯಿತ್ತು. 1846ರ ಅಮೃತಸರ ಒಪ್ಪಂದದ ಪ್ರಕಾರ ಜಮ್ಮು-ಕಾಶ್ಮೀರದ ಮಹಾರಾಜ ಗುಲಾಬ್ ಸಿಂಗ್ ಬ್ರಿಟಿಷರಿಗೆ ವರ್ಷಕ್ಕೊಮ್ಮೆ ಒಂದು ಕುದುರೆ, ಹನ್ನೆರಡು ಶಾಲುಮೇಕೆ ಮತ್ತು ಮೂರು ಜೊತೆ ಕಾಶ್ಮೀರಿ ಶಾಲುಗಳನ್ನು ಸಲ್ಲಿಸಬೇಕಿತ್ತು. ಇಂದು ಕಸೂತಿಯನ್ನೂ, ಪುಟ್ಟ ಮರದ ಕಡ್ಡಿಗಳಿಂದ ಬಣ್ಣದೆಳೆ ಹೊಗಿಸುವ ‘ಕಾನಿ’ ನೇಯ್ಗೆಯನ್ನೂ ನಾವು ಮೆಚ್ಚುತ್ತೇವೆ. ನೂತ ಎಳೆಗಳನ್ನು ಕಟ್ಟಿದ ಗಂಟಿಗಿಷ್ಟು ಎಂಬ ಲೆಕ್ಕದಲ್ಲಿ ಬಿಡಿಗಾಸು ಎಣಿಸಿಕೊಳ್ಳುವ ನೂಲುಗಾತಿ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಕೂಲಿ ಗಿಟ್ಟದೆ ಅನೇಕರು ಯಿಂದರನ್ನು ಅಟ್ಟಕ್ಕೇರಿಸಿದ್ದಾರೆ.

ವ್ಯಾಪಾರಿಗಳು ಶಾಲನ್ನು ಉಂಗುರದೊಳಗೆ ತೂರಿಸಿ ತೋರಿಸುತ್ತಾರೆ. ಅದನ್ನು ನಂಬಬೇಡಿ; ತೆಳುವಾದ ರೇಷ್ಮೆಯೂ ಹಾಗೆಯೇ ತೂರುತ್ತದೆ. ಬದಲಿಗೆ ಶಾಲನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಗಿರಣಿಯ ನೂಲು ಗೆರೆ ಎಳೆದಂತೆ ಒಂದೇ ಸಮನಾಗಿರುತ್ತದೆ. ಕೈನೂಲಿನಲ್ಲಿ ಎಳೆ ಅಲ್ಲಲ್ಲಿ ತುಸು ಉಬ್ಬಿ, ತುಸು ಸಣ್ಣಗಾಗಿ, ಮತ್ತೆ ಉಬ್ಬುತ್ತಾ ಸಾಗಿರುತ್ತದೆ.

ನಮಸ್ಕಾರ.