ಲಾರಿ ಬಲಕ್ಕೆ ಎಳೆಯುತ್ತಿದೆಯಾ? ಫ್ರಂಟ್ ಆಕ್ಸಲ್ ಬೆಂಡ್ ನೋಡೋಣ ಬನ್ನಿ

ಈ ಟೈರ್ ನೋಡಿ. ಎಡಗಡೆ ಮುಂದಿನದು. ಹೊರಗಿನ ಅಂಚಲ್ಲಿ ಗ್ರಿಪ್ ಇನ್ನೂ ಚೆನ್ನಾಗಿದೆ. ಒಳಗಿನ ಅಂಚಿಗೆ ಕೈ ಆಡಿಸಿದರೆ ನುಣ್ಣಗೆ. ಬಲಗಡೆ ಟೈರ್ ಮಾತ್ರ ಸಮವಾಗಿ ಸವೆದಿದೆ. ಎರಡೂ ಒಟ್ಟಿಗೇ ಹಾಕಿಸಿದ ಟೈರ್‌ಗಳು.

ತಿಪಟೂರಿನಿಂದ ಕೊಬ್ಬರಿ ಲೋಡ್ ತರುವಾಗ, ಕೆ.ಬಿ. ಕ್ರಾಸ್ (ಕಿಬ್ಬನಹಳ್ಳಿ ಕ್ರಾಸ್) ದಾಟಿದ ಮೇಲೆ, ಮಳೆ ನೀರು ತುಂಬಿದ್ದ ಗುಂಡಿಗೆ ಎಡಚಕ್ರ ದಡ್ ಅಂತ ಬಿದ್ದಿತ್ತು. ಅವತ್ತಿಂದ ಗಾಡಿ ಬಲಕ್ಕೆ ಎಳೆಯುತ್ತಿದೆ. ಇದನ್ನು ಗಮನಿಸಿ. ನಾವು ಓಡಿಸುವುದು ರಸ್ತೆಯ ಎಡಭಾಗದಲ್ಲಿ. ನೀರು ಹರಿದು ಹೋಗಲಿ ಅಂತ ರಸ್ತೆಯೂ ಎಡಕ್ಕೆ ಸ್ವಲ್ಪ ಇಳಿಜಾರಾಗಿರುತ್ತದೆ. ಹಾಗಾಗಿ ಸ್ಟೇರಿಂಗ್ ಬಿಟ್ಟರೆ ಗಾಡಿ ಎಡಕ್ಕೆ ಸ್ವಲ್ಪ ಜಾರಿದರೆ ಗಾಬರಿ ಬೇಡ. ಇಳಿಜಾರಿಗೆ ಎದುರಾಗಿ ಬಲಕ್ಕೆ ಎಳೆಯುತ್ತಿದೆ ಅಂದರೆ ಏನೋ ಆಗಿದೆ.

ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳು, ಅಂದರೆ ಟೈ ರಾಡ್, ತಿರುಗಿಸಿದರೆ ಸರಿಯಾಗುವುದು ಟೋ ಮಾತ್ರ. ಅಂದರೆ ಎರಡು ಚಕ್ರಗಳ ಮುಂಭಾಗ ಒಳಕ್ಕೆ ನೋಡುತ್ತಿದೆಯಾ, ಹೊರಕ್ಕಾ ಅನ್ನುವುದು. ಆ ಚಕ್ರಗಳನ್ನು ಹೊತ್ತಿರುವ ಆಕ್ಸಲ್ಲೇ ಬೆಂಡ್ ಆಗಿದ್ದರೆ ಟೈ ರಾಡ್ ಏನು ಮಾಡುತ್ತೆ ಪಾಪ. ಸ್ಟೇರಿಂಗ್ ನೇರವಾಗುತ್ತೆ, ಟೈರ್ ತಿನ್ನುವುದು ನಿಲ್ಲುವುದಿಲ್ಲ.

ಈಗ ನಾವಿರುವುದು ತುಮಕೂರಿನ ಅಂತರಸನಹಳ್ಳಿ ಕಡೆ, ಒಂದು ಗ್ಯಾರೇಜ್‌ನಲ್ಲಿ. ಮೇಸ್ತ್ರಿ ಆಗಲೇ ಗಾಡಿ ಕೆಳಗಿದ್ದಾರೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದೆ ಜಾಕ್ ಎತ್ತಿ, ಮರದ ದಿಮ್ಮಿ ಇಟ್ಟಾಗಿದೆ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ.

ಹಿಂದಿನ ಆಕ್ಸಲ್ ಟೊಳ್ಳು, ಒಳಗೆ ಗೇರ್ ಇರುತ್ತೆ. ಫೋರ್ ವೀಲ್ ಡ್ರೈವ್ ಲಾರಿಗಳಲ್ಲಿ ಮುಂದೆಯೂ ಅಂಥದ್ದೇ ಹೌಸಿಂಗ್. ನಮ್ಮ ಲಾರಿಯ ಮುಂದಿನದು ಹಾಗಲ್ಲ. ಕೆಂಪಗೆ ಕಾಯಿಸಿದ ಉಕ್ಕನ್ನು ಅಚ್ಚಿನಲ್ಲಿ ಬಡಿದು ಮಾಡಿದ ಗಟ್ಟಿ ಬೀಮ್. ಪುಣೆಯ ಭಾರತ್ ಫೋರ್ಜ್‌ನಂಥ ಕಂಪನಿಗಳು ಮಾಡುತ್ತವೆ. ಬಡಿದ ಮೇಲೆ ಅದನ್ನು ಲೆಕ್ಕವಾಗಿ ಕಾಯಿಸಿ ತಣಿಸಿ ಹದ ಹಾಕುತ್ತಾರೆ. ಆ ಹದದಲ್ಲೇ ಅದರ ಶಕ್ತಿ ಇರುವುದು. ಮುಂದೆ ಈ ಮಾತು ಬೇಕಾಗುತ್ತೆ.

ಮೊದಲು ಸವೆತ ನೋಡಬೇಕು. ಮೇಸ್ತ್ರಿ ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಟಕ ಟಕ ಅನ್ನುತ್ತಿದೆ ಅಲ್ವಾ? ಈಗ ನನಗೆ ಬ್ರೇಕ್ ತುಳಿಯಲು ಹೇಳಿದರು. ಬ್ರೇಕ್ ತುಳಿದಾಗ ಆಟ ನಿಂತರೆ ಅದು ವೀಲ್ ಬೇರಿಂಗ್‌ದು. ನಿಲ್ಲದಿದ್ದರೆ ಕಿಂಗ್ ಪಿನ್ ಬುಷ್. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಈ ಪಿನ್ ಮೇಲೆ, ಬುಷ್ ಅಂದರೆ ಅದು ಕೂರುವ ಕೊಳವೆ. ಇಲ್ಲಿ ಬೇರಿಂಗ್‌ದು. ಅದನ್ನು ಟೈಟ್ ಮಾಡಿ, ಎರಡೂ ಕಡೆ ಗಾಳಿ ಸಮ ಮಾಡಿದ ಮೇಲೆಯೇ ಅಳತೆ. ಸಡಿಲ ಗಾಡಿಯಲ್ಲಿ ತೆಗೆದ ಅಳತೆಗೆ ಬೆಲೆ ಇಲ್ಲ.

ಸ್ಪ್ರಿಂಗ್ ಪಟ್ಟಿಗಳನ್ನು ಆಕ್ಸಲ್ ಮೇಲೆ ಜಾಗ ತಪ್ಪದಂತೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಹಿಂದಕ್ಕೆ ಸರಿದಿದ್ದರೂ ಗಾಡಿ ಎಳೆಯುತ್ತೆ. ಅದಕ್ಕೆ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಚಾಕ್‌ಪೀಸ್ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದೆವು. ಎರಡೂ ಸಮ. ಅಲ್ಲಿ ತೊಂದರೆ ಇಲ್ಲ.

ಈಗ ಮುಖ್ಯ ವಿಷಯ. ಚಕ್ರದ ತಲೆ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಅನ್ನುವುದು ಕ್ಯಾಂಬರ್. ಹೊರಕ್ಕಾದರೆ ಪ್ಲಸ್, ಒಳಕ್ಕಾದರೆ ಮೈನಸ್. ಕಿಂಗ್ ಪಿನ್ನಿನ ತಲೆ ಒಳಕ್ಕೆ ಎಷ್ಟು ವಾಲಿದೆ ಅನ್ನುವುದು ಇನ್ನೊಂದು ಕೋನ. ತುಂಬಾ ಕಡೆ ಕ್ಯಾಂಬರ್ ಒಂದನ್ನೇ ಬರೆದು ಕೊಡುತ್ತಾರೆ. ಎರಡನ್ನೂ ಕೇಳಿ ತಗೊಳ್ಳಿ. ಯಾಕೆ ಅಂತ ಈ ಗಾಡಿಯ ಲೆಕ್ಕದಲ್ಲೇ ನೋಡೋಣ.

ಬಲಗಡೆ ಕ್ಯಾಂಬರ್ ಪ್ಲಸ್ ಅರ್ಧ ಡಿಗ್ರಿ, ಕಿಂಗ್ ಪಿನ್ 7. ಕೂಡಿದರೆ ಏಳೂವರೆ. ಎಡಗಡೆ ಕ್ಯಾಂಬರ್ ಮೈನಸ್ 1, ಕಿಂಗ್ ಪಿನ್ ಎಂಟೂವರೆ. ಕೂಡಿದರೆ ಅದೂ ಏಳೂವರೆ! ಕಿಂಗ್ ಪಿನ್‌ಗೂ ಚಕ್ರ ಕೂರುವ ಸ್ಟಬ್ ಆಕ್ಸಲ್‌ಗೂ ನಡುವಿನ ಸಂಬಂಧ ಕೆಟ್ಟಿಲ್ಲ ಅಂತಾಯಿತು. ಎರಡೂ ಒಟ್ಟಿಗೇ ವಾಲಿವೆ. ಅಂದರೆ ಎರಡನ್ನೂ ಹೊತ್ತಿರುವ ಬೀಮ್‌ನ ತುದಿಯೇ ಮೇಲಕ್ಕೆ ಬಾಗಿದೆ. ಎಡಚಕ್ರದ ತಲೆ ಒಳಕ್ಕೆ ವಾಲಿದ್ದಕ್ಕೇ ಒಳಗಿನ ಅಂಚು ಸವೆದಿದೆ, ಗಾಡಿಯೂ ಬಲಕ್ಕೆ ಎಳೆಯುತ್ತಿದೆ. ಅದೇ ಕಿಂಗ್ ಪಿನ್ 7ರಲ್ಲೇ ಇದ್ದು ಕ್ಯಾಂಬರ್ ಮಾತ್ರ ಕೆಟ್ಟಿದ್ದರೆ ಸ್ಟಬ್ ಆಕ್ಸಲ್ ಬಾಗಿದೆ ಅಂತ ಅರ್ಥ. ಈ ಕೂಡುವ ಲೆಕ್ಕ ಗೊತ್ತಿಲ್ಲದೆ ಚೆನ್ನಾಗಿರುವ ಭಾಗ ಬಿಚ್ಚಿ ಬದಲಾಯಿಸಿದವರು ಎಷ್ಟೋ ಜನ. ನಿಮ್ಮ ಗಾಡಿಗೆ ಎಷ್ಟಿರಬೇಕು ಅನ್ನುವುದು ಕಂಪನಿ ಮ್ಯಾನುಯಲ್‌ನಲ್ಲಿ ಇರುತ್ತೆ. ನನ್ನ ನಂಬರ್ ನಿಮಗೆ ಆಗಲ್ಲ.

ಬೀಮ್ ಕೆಳಗಿಳಿಸಿದ್ದೇವೆ. ಎರಡು ಕಿಂಗ್ ಪಿನ್ ತೂತುಗಳ ನಡುಮಧ್ಯದಿಂದ ದಾರ ಎಳೆದು ಕಟ್ಟಿದ್ದಾರೆ. ದಾರದಿಂದ ಸ್ಪ್ರಿಂಗ್ ಕೂರುವ ಜಾಗಕ್ಕೆ ಎರಡೂ ಕಡೆ ಅಳತೆ ಒಂದೇ ಇರಬೇಕು. ಎಡಗಡೆ ಜಾಸ್ತಿ ಬಂತು. ಮೇಲಿಂದ ನೋಡಿದರೆ ದಾರ ಎರಡೂ ಸೆಂಟರ್ ಬೋಲ್ಟ್ ತೂತಿನ ಮೇಲೆ ಒಂದೇ ರೀತಿ ಹಾಯಬೇಕು. ಹಾಯುತ್ತಿದೆ, ಹಾಗಾಗಿ ಹಿಂದಕ್ಕೆ ಬಾಗಿಲ್ಲ. ಸ್ಪ್ರಿಂಗ್ ಕೂರುವ ಎರಡೂ ಜಾಗದಲ್ಲಿ ರಸಮಟ್ಟ ಇಟ್ಟು ನೋಡಿದರು. ಒಂದೇ ಮಟ್ಟ. ತಿರುಚಿಕೊಂಡಿದ್ದರೆ ಇಲ್ಲಿ ಗೊತ್ತಾಗುತ್ತಿತ್ತು. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಬಾಗಿದ ಜಾಗದಲ್ಲಿ ಬಣ್ಣ ಚಕ್ಕೆ ಎದ್ದಿದೆ. ಇಷ್ಟು ಹೊತ್ತು ಅಳತೆ ಹೇಳಿದ್ದನ್ನೇ ಕಣ್ಣೂ ಹೇಳುತ್ತಿದೆ.

"ಗ್ಯಾಸಲ್ಲಿ ಕಾಯಿಸಿ ಎಳೆದುಬಿಡಿ" ಅಂತ ಪಕ್ಕದಲ್ಲಿ ನಿಂತಿದ್ದವರೊಬ್ಬರು ಸಲಹೆ ಕೊಟ್ಟರು. ಮೇಸ್ತ್ರಿ ತಲೆ ಎತ್ತದೆ ಹೇಳಿದರು, "ಅಣ್ಣ, ಕಾಯಿಸಿದರೆ ನೇರ ಆಗುತ್ತೆ. ಲೋಡ್ ಬಿದ್ದಾಗ ಮತ್ತೆ ಬಾಗುತ್ತೆ." ಹದ ಹೋದ ಉಕ್ಕು ಅಲ್ವಾ. ಪ್ರೆಸ್‌ನಲ್ಲಿಟ್ಟು ಕಾಯಿಸದೆ ನೇರ ಮಾಡುವವರೂ ಇದ್ದಾರೆ. ಕಂಪನಿ ಮಿತಿಯೊಳಗಿದ್ದರೆ ಕೆಲವು ಬೀಮ್‌ಗೆ ಅದು ನಡೆಯುತ್ತದಂತೆ. ಆಮೇಲೆ ಬಿರುಕು ಬಿಟ್ಟಿದೆಯಾ ಅಂತ ಬಿರುಕು ತೋರಿಸುವ ಬಣ್ಣ (ಡೈ) ಹಚ್ಚಿ ನೋಡಲೇಬೇಕು. ನಾನು ಹೊಸ ಬೀಮ್ ಹಾಕಲು ಹೇಳಿದೆ. ಸ್ಟೇರಿಂಗ್ ಕೆಲಸದಲ್ಲಿ ಚೌಕಾಸಿ ನನಗೆ ಒಗ್ಗುವುದಿಲ್ಲ.

ಹೊಸ ಬೀಮ್ ಜೊತೆ ಕಿಂಗ್ ಪಿನ್, ಬುಷ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಎಲ್ಲಾ ಹೊಸದು. ಹಳೇ ಯು ಬೋಲ್ಟ್ ಒಮ್ಮೆ ಎಳೆದುಕೊಂಡಿರುತ್ತೆ, ಮತ್ತೆ ಹಾಕಬೇಡಿ. ಲೋಡ್ ಹಾಕಿ ಸ್ವಲ್ಪ ಓಡಿಸಿದ ಮೇಲೆ ನಟ್‌ಗಳನ್ನು ಇನ್ನೊಂದು ಸಲ ಟೈಟ್ ಮಾಡಿಸಬೇಕು. ಟೋ ಹೊಂದಿಸುವುದು ಎಲ್ಲಕ್ಕಿಂತ ಕೊನೆಗೆ.

ಹಳೇ ಬೀಮ್ ಗುಜರಿಗೆ ಹೋಗುತ್ತೆ. ಹೋಗುವ ಮುಂಚೆ ನಮ್ಮ ಮೇಸ್ತ್ರಿ ಅದನ್ನು ಮಧ್ಯಕ್ಕೆ ಕತ್ತರಿಸುತ್ತಾರೆ. ಇಲ್ಲದಿದ್ದರೆ ಯಾರೋ ಬಣ್ಣ ಹೊಡೆದು ಇನ್ನೊಂದು ಲಾರಿಗೆ ಕಟ್ಟಿಬಿಡುತ್ತಾರೆ.