ಸಿಂಬಳದ ಸಂತೆ

ಎಲ್ಲರಿಗೂ ನಮಸ್ಕಾರ. ಅಂಗನವಾಡಿಯಲ್ಲಿ ಕುಣಿದಾಡುತ್ತಿರುವ ಎರಡು ವರ್ಷದ ಮಗುವೊಂದನ್ನು ನೆನೆಸಿಕೊಳ್ಳಿ. ಜ್ವರವಿಲ್ಲ, ಕೆಮ್ಮಿಲ್ಲ. ಮೂಗು ಒಂದಿಷ್ಟು ಸುರಿಯುತ್ತಿರಬಹುದು, ಯಾವ ಮಗುವಿಗೆ ಸುರಿಯುವುದಿಲ್ಲ ಹೇಳಿ! ಆ ಮೂಗಿನ ಹಿಂದೆ, ಗಂಟಲು ಸೇರುವ ಕಡೆ, ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಡಾರ ಹೂಡಿರಬಹುದು. ನ್ಯುಮೋನಿಯಾ, ಮೆದುಳುಪೊರೆಯ ಉರಿಯೂತ ತರುವ ಕಿರಾತಕ ಇದೇ. ಆದರೆ ಬಹುಪಾಲು ಮಕ್ಕಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನಿದ್ದು ಹೊರಟುಹೋಗುತ್ತದೆ. ಅಷ್ಟರಲ್ಲಿ ಪಕ್ಕದ ಮಗುವಿನ ಮೂಗಿಗೂ ದಾಟಿರುತ್ತದೆ.

ರೋಗಿಯ ರಕ್ತದಲ್ಲಿ ಸಿಕ್ಕಿದ್ದನ್ನೇ ನಾವು ದೊಡ್ಡದು ಮಾಡುತ್ತೇವೆ. ನನ್ನನ್ನು ಕೇಳಿದರೆ, ರಕ್ತಕ್ಕಿಳಿದದ್ದು ದಾರಿ ತಪ್ಪಿದ ಬ್ಯಾಕ್ಟೀರಿಯಾ. ಅಲ್ಲಿಂದ ಇನ್ನೊಬ್ಬರಿಗೆ ದಾಟುವ ದಾರಿಯೇ ಅದಕ್ಕಿಲ್ಲ. ಅದರ ಸಂಸಾರವೆಲ್ಲ ಮೂಗಿನಲ್ಲೇ.

ಹಾಗಾಗಿ ಇದನ್ನು ಅರಿಯಬೇಕೆಂದರೆ ಮೂಗಿಗೇ ಕಡ್ಡಿ ಹಾಕಬೇಕು. ಕೊರೋನಾ ಕಾಲದಲ್ಲಿ ನೀವೆಲ್ಲ ಅನುಭವಿಸಿದ್ದೀರಿ. ಕಡ್ಡಿಯ ತುದಿಯನ್ನು ಕೆನೆ ತೆಗೆದ ಹಾಲಿನ ಪುಡಿ, ಗ್ಲೂಕೋಸ್, ಗ್ಲಿಸರಿನ್ ಬೆರೆಸಿದ ದ್ರವಕ್ಕೆ ಅದ್ದಿ ಇಡುತ್ತಾರೆ. ಅದನ್ನು ರಕ್ತ ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಸವರಿದರೆ ಮರುದಿನ ಸಣ್ಣ ಸಣ್ಣ ಚುಕ್ಕೆಗಳು, ಸುತ್ತ ಹಸಿರು ಛಾಯೆ. ಬಲಿತ ಚುಕ್ಕೆ ನಡುವೆ ತಗ್ಗಾಗಿ, ಬೆರಳಲ್ಲಿ ಒತ್ತಿದ ಪೇಡೆಯ ಹಾಗೆ ಕಾಣುತ್ತದೆ.

ಇದರ ಡಿಎನ್‌ಎ ಸುಮಾರು 20 ಲಕ್ಷ ಅಕ್ಷರಗಳ ಪುಸ್ತಕ. ವಿಚಿತ್ರವೆಂದರೆ, ಪಕ್ಕದಲ್ಲಿ ಸತ್ತುಬಿದ್ದವರ ಪುಸ್ತಕದ ಹಾಳೆಗಳನ್ನೂ ಇದು ಕಿತ್ತು ತನ್ನದಕ್ಕೆ ಅಂಟಿಸಿಕೊಳ್ಳುತ್ತದೆ. 1928ರಲ್ಲಿ ಬ್ರಿಟನ್ನಿನ ವಿಜ್ಞಾನಿ ಫ್ರೆಡರಿಕ್ ಗ್ರಿಫಿತ್ ಇಲಿಗಳಲ್ಲಿ ಕಂಡದ್ದು ಇದನ್ನೇ: ಬಿಸಿಮಾಡಿ ಕೊಂದ ಮಾರಕ ತಳಿಯ ಜೊತೆ ಸೇರಿದ ಸಾಧು ತಳಿ ತಾನೂ ಮಾರಕವಾಯಿತು. ದಾಟಿದ ವಸ್ತು ಡಿಎನ್‌ಎ ಎಂದು ಅಮೆರಿಕದ ವಿಜ್ಞಾನಿ ಆವೆರಿ ಮತ್ತು ಸಂಗಡಿಗರು 1944ರಲ್ಲಿ ತೋರಿಸಿದರು. ತಳಿವಿಜ್ಞಾನದ ಬುನಾದಿಯೇ ಈ ಬ್ಯಾಕ್ಟೀರಿಯಾದ ಕಳ್ಳತನದ ಮೇಲೆ ನಿಂತಿದೆ ಅನ್ನಿ.

ಥಾಯ್ಲೆಂಡ್-ಮ್ಯಾನ್ಮಾರ್ ಗಡಿಯ ಮೇಲಾ ನಿರಾಶ್ರಿತರ ಶಿಬಿರದಲ್ಲಿ ಕೂಸುಗಳ, ತಾಯಂದಿರ ಮೂಗಿನಿಂದ ಸಂಗ್ರಹಿಸಿದ 3,085 ನ್ಯುಮೋಕಾಕಸ್‌ಗಳ ಜೀನೋಮ್, ಅಂದರೆ ಇಡೀ ಡಿಎನ್‌ಎ ಪುಸ್ತಕ, ಓದಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಲ್ಲಿ ಡಿಎನ್‌ಎ ಹಾಳೆಗಳ ಕೊಡು-ಕೊಳ್ಳು ಹೆಚ್ಚು ನಡೆಸುತ್ತಿದ್ದವು ಮೈಮೇಲೆ ಕವಚವೇ ಇಲ್ಲದ ತಳಿಗಳು. ಆಸ್ಪತ್ರೆಯಲ್ಲಿ ಇವು ಅಪರೂಪ, ಹಾಗಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂತೆಯ ದಲ್ಲಾಳಿಗಳು ಮಾತ್ರ ಇವರೇ.

ಕವಚದ ವಿಚಾರಕ್ಕೆ ಬರೋಣ. ನೂರಕ್ಕೂ ಹೆಚ್ಚು ಬಗೆಯ ಸಕ್ಕರೆಯ ಕವಚಗಳಿವೆ. ಲಸಿಕೆ ಗುರುತಿಸುವುದು ಅವುಗಳಲ್ಲಿ ಕೆಲವನ್ನು. ಕವಚದ ಜೀನುಗಳ ಎಡಕ್ಕೊಂದು ಬಲಕ್ಕೊಂದು, ಪೆನ್ಸಿಲಿನ್ ಹಿಡಿದುಕೊಳ್ಳುವ ಪ್ರೋಟೀನುಗಳ ಜೀನುಗಳಿವೆ. ಅವು ಮಾರ್ಪಟ್ಟರೆ ಮದ್ದಿನ ಹಿಡಿತ ಜಾರುತ್ತದೆ. ಅಮೆರಿಕದಲ್ಲಿ 2000ದಲ್ಲಿ ಏಳು ಕವಚಗಳ ಲಸಿಕೆ ಬಂತು. ಅದರ ಗುರಿಯಲ್ಲಿದ್ದ 4ನೇ ಬಗೆಯ ಒಂದು ತಳಿ, ಗುರಿಯಲ್ಲಿಲ್ಲದ 19ಎ ಎಂಬ ಬಗೆಯ ಕವಚ ತೊಟ್ಟು ನುಣುಚಿಕೊಂಡಿತು. ಒಂದೇ ತುಂಡಿನಲ್ಲಿ ಅಕ್ಕಪಕ್ಕದ ಜೀನುಗಳೂ ಬಂದವು: ಅಂಗಿಯ ಜೊತೆ ಪೆನ್ಸಿಲಿನ್ ತಡೆಯುವ ಗುರಾಣಿಯೂ ಬಿಟ್ಟಿ!

ಪುಣೆಯಲ್ಲಿ ತಯಾರಾಗುವ ಹತ್ತು ಕವಚಗಳ ಲಸಿಕೆಯಲ್ಲಿ ಈ 19ಎ ಸೇರಿದೆ. 2021ರಲ್ಲಿ ನ್ಯುಮೋಕಾಕಸ್ ಲಸಿಕೆ ದೇಶದ ಎಲ್ಲ ಕಡೆಗೂ ವಿಸ್ತರಿಸಿತು: ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ಇದು ಮೂಗಿನಲ್ಲಿರುವ ಆ ಬಗೆಗಳನ್ನೂ ಕಡಿಮೆ ಮಾಡುತ್ತದೆ, ಹಾಗಾಗಿ ಮೊಮ್ಮಗುವಿಗೆ ಮುತ್ತಿಕ್ಕುವ ಅಜ್ಜಿಗೂ ಲಾಭ. ಖಾಲಿಯಾದ ಮಳಿಗೆಗೆ ಬೇರೆ ಕವಚದವರು ಬಂದು ಕೂರುತ್ತಾರೆ. ಯಾರು ಬಂದರು ಅಂತ ತಿಳಿಯಲು ಮತ್ತೆ ಅದೇ ಮೂಗು, ಅದೇ ಕಡ್ಡಿ, ಅದೇ ಚೀರಾಟ.