ಜೊಂಡು ಬೆಳೆದರೆ ಸಾಲದು, ಕೊಯ್ಯಲೂಬೇಕು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಅಪಾರ್ಟ್‌ಮೆಂಟಿನವರೇ ಜಾಸ್ತಿ ಇದ್ದೀರಿ. ನಿಮ್ಮ ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಸಂಸ್ಕರಿಸುವ ಘಟಕದ ಕರೆಂಟ್ ಬಿಲ್ ಯಾವತ್ತಾದರೂ ಬಿಡಿಸಿ ನೋಡಿದ್ದೀರಾ? ಸಾಮಾನ್ಯವಾಗಿ ಅದರ ದೊಡ್ಡ ಪಾಲು ಬ್ಲೋವರಿಗೇ ಹೋಗುತ್ತದೆ. ಬ್ಲೋವರ್ ಸುಮ್ನೆ ಗಾಳಿ ಊದುತ್ತದೆ, ಅಷ್ಟೇ. ಕೊಳೆ ತಿನ್ನುವುದು ಬ್ಯಾಕ್ಟೀರಿಯಾ. ಅವು ಉಸಿರಾಡಲಿ ಅಂತ ನಾವು ದುಡ್ಡು ಕೊಡುತ್ತಿದ್ದೇವೆ.

ಈ ಕೆಲಸದ ಒಂದು ಭಾಗವನ್ನು ಕರೆಂಟಿಲ್ಲದೆಯೂ ಮಾಡಿಸಬಹುದು. ಜಾಗ ಇರಬೇಕು, ಅವಸರ ಇರಬಾರದು. ಉತ್ತರ ಬೆಂಗಳೂರಿನ ಜಕ್ಕೂರು ಕೆರೆಯನ್ನೇ ತೆಗೆದುಕೊಳ್ಳಿ. ಸುಮಾರು 160 ಎಕರೆ ಕೆರೆ. ಅದರ ಮೇಲ್ಭಾಗದಲ್ಲಿ ಜಲಮಂಡಳಿಯ ಎಸ್‌ಟಿಪಿ ಇದೆ. ಶುರುವಿನಲ್ಲಿ ಅದು ದಿನಕ್ಕೆ 1 ಕೋಟಿ ಲೀಟರ್ ಸಂಸ್ಕರಿಸಲು ಕಟ್ಟಿದ್ದು. ಅಲ್ಲಿಂದ ಹೊರಬಿದ್ದ ನೀರು ನೇರ ಕೆರೆಗೆ ಹೋಗುವುದಿಲ್ಲ. ಮೊದಲು ಜೊಂಡು, ಅಂತರಗಂಗೆ ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹರಿಯುತ್ತದೆ.

ಎಸ್‌ಟಿಪಿ ಇದ್ದ ಮೇಲೆ ಜೌಗು ಯಾಕೆ ಅಂತ ಕೇಳಬಹುದು. ಮಾಮೂಲಿ ಎಸ್‌ಟಿಪಿ ಕೊಳೆಯುವ ಪದಾರ್ಥವನ್ನು ಚೆನ್ನಾಗಿಯೇ ತೆಗೆಯುತ್ತದೆ. ಆದರೆ ಸಾರಜನಕ, ರಂಜಕ ಸಾಕಷ್ಟು ಉಳಿದುಬಿಡುತ್ತವೆ. ಹೊಲಕ್ಕೆ ಹಾಕುವ ಗೊಬ್ಬರದಲ್ಲಿರುವುದೂ ಇವೇ. ಇವು ಕೆರೆಗೆ ಸೇರಿದರೆ ಪಾಚಿ ಉಕ್ಕುತ್ತದೆ. ರಾತ್ರಿ ಆ ಪಾಚಿಯೇ ನೀರಿನ ಆಮ್ಲಜನಕ ಎಳೆದುಕೊಂಡು ಬೆಳಗಾಗುವಷ್ಟರಲ್ಲಿ ಮೀನು ಸಾಯುತ್ತವೆ.

ಜೌಗಿನ ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ಸಾರಜನಕವನ್ನು ಆಕಾಶಕ್ಕೆ ಬಿಟ್ಟುಬಿಡುತ್ತವೆ. ರಂಜಕಕ್ಕೆ ಮಾತ್ರ ಹೀಗೆ ಹಾರಿಹೋಗುವ ದಾರಿ ಇಲ್ಲ. ಒಂದೋ ಗಿಡದೊಳಗೆ ಇರಬೇಕು, ಇಲ್ಲವೇ ಕೆಸರಿನಲ್ಲಿ. ಗಿಡ ಅಲ್ಲೇ ಸತ್ತು ಕೊಳೆತರೆ ಅದು ಮತ್ತೆ ನೀರಿಗೇ ಬರುತ್ತದೆ.

ಅದಕ್ಕೇ, ‘ನೈಸರ್ಗಿಕ ವಿಧಾನ, ನಿರ್ವಹಣೆಯೇ ಬೇಡ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜೊಂಡು ಕೊಯ್ಯಬೇಕು, ಕೊಯ್ದದ್ದನ್ನು ಹೊರಗೆ ಸಾಗಿಸಬೇಕು. ಎಷ್ಟೋ ಕಡೆ ಕೊಯ್ದು ದಡದಲ್ಲೇ ರಾಶಿ ಹಾಕುತ್ತಾರೆ. ಒಂದು ಜೋರು ಮಳೆ ಬಂದರೆ ಅದು ವಾಪಸ್ ಕೆರೆಗೇ ಇಳಿಯುತ್ತದೆ. ಬಿಲ್ ಮಾತ್ರ ಪಾಸಾಗಿರುತ್ತದೆ! ಜೌಗು ಮಾಡುವುದಕ್ಕೆ ಸಿಗುವ ಹಣ ಅದನ್ನು ನೋಡಿಕೊಳ್ಳುವುದಕ್ಕೆ ಸಿಗುವುದಿಲ್ಲ. ನನ್ನ ಪ್ರಕಾರ ದೊಡ್ಡ ತೊಡಕು ಇದೇ, ತಂತ್ರಜ್ಞಾನ ಅಲ್ಲ.

ಕಾರ್ಖಾನೆಯ ರಾಸಾಯನಿಕ ನೀರನ್ನು ಜೌಗಿಗೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ. ಸೀಸ, ಕ್ರೋಮಿಯಂ ತಿಂದು ಮುಗಿಸುವ ಬ್ಯಾಕ್ಟೀರಿಯಾ ಇಲ್ಲ. ಅದನ್ನು ಕಾರ್ಖಾನೆಯೊಳಗೇ ತೆಗೆಯಬೇಕು.

ಯುಜಿಡಿ, ಅಂದರೆ ಒಳಚರಂಡಿ ಇಲ್ಲದ ಊರಿಗೆ ದೇವನಹಳ್ಳಿ ಒಳ್ಳೆಯ ಮಾದರಿ. 2015ರಲ್ಲಿ ಅಲ್ಲಿ ಶೌಚಗುಂಡಿಯ ಮಲವನ್ನು ಟ್ಯಾಂಕರಿನಲ್ಲಿ ತಂದು ಸಂಸ್ಕರಿಸುವ ಘಟಕ ಶುರುವಾಯಿತು. ಇಳಿಜಾರು ಮತ್ತು ಬಿಸಿಲನ್ನೇ ನಂಬಿ ನಡೆಯುವ ವ್ಯವಸ್ಥೆ ಅದು.

ಇನ್ನು ನಿಮ್ಮ ವಿಷಯ. ಜಾಗ ಇಲ್ಲದಿದ್ದರೆ ಬ್ಲೋವರೇ ಗತಿ, ಅದರಲ್ಲಿ ತಪ್ಪೇನಿಲ್ಲ. ಬಿಲ್ ಉಳಿಸಲು ರಾತ್ರಿ ಅದನ್ನು ಆಫ್ ಮಾಡಬೇಡಿ ಅಷ್ಟೇ, ಬ್ಯಾಕ್ಟೀರಿಯಾ ಸಾಯುತ್ತವೆ. ಸ್ವಲ್ಪ ಜಾಗ ಇದ್ದರೆ ಎಸ್‌ಟಿಪಿಯ ನೀರನ್ನು ಕಾಬಾಳೆ ನೆಟ್ಟ ಜಲ್ಲಿ ಹಾಸಿನ ಮೂಲಕ ಹರಿಸಿ, ಆಮೇಲೆ ತೋಟಕ್ಕೆ ಬಿಡಿ. ಸೊಳ್ಳೆ ಆಗಲ್ವಾ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನೀರು ಜಲ್ಲಿಯ ಒಳಗೇ ಹರಿಯುತ್ತಿದ್ದರೆ ಸೊಳ್ಳೆ ಮೊಟ್ಟೆ ಇಡಲು ಜಾಗವೇ ಇರುವುದಿಲ್ಲ. ಮೇಲೆ ನೀರು ನಿಂತಿತು ಅಂದರೆ ಜಲ್ಲಿ ಕಟ್ಟಿಕೊಂಡಿದೆ ಅಂತ ಅರ್ಥ. ಆಗ ಅದನ್ನು ತೆಗೆದು, ತೊಳೆದು ಮತ್ತೆ ಹಾಕಬೇಕು.